ಲೇಪಾಕ್ಷಿಯ ಮಸಿಯಿಂದ ಆದಿತ್ಯನ ಕಣ್ಣಿನವರೆಗೆ: ಕಪ್ಪಿಗಿಂತ ಕಪ್ಪಾದ ಲೇಪದ ಕಥೆ

ಲೇಪಾಕ್ಷಿ: ಇಲ್ಲಿನ ವೀರಭದ್ರಸ್ವಾಮಿ ದೇವಸ್ಥಾನಕ್ಕೆ ಬಂದವರು ಮೊದಲು ಹುಡುಕುವುದು ತೂಗುವ ಕಂಬವನ್ನು. ಅದರ ಅಡಿಯಲ್ಲಿ ಟವೆಲ್ ತೂರಿಸಿ, ಫೋಟೊ ತೆಗೆಸಿಕೊಂಡು, ದೊಡ್ಡ ಬಸವಣ್ಣನ ಕಡೆಗೆ ಹೊರಟುಬಿಡುತ್ತಾರೆ. ತಲೆ ಎತ್ತಿ ಛಾವಣಿ ನೋಡುವವರು ಕಡಿಮೆ. ಅಚ್ಯುತದೇವರಾಯನ ಕಾಲದಲ್ಲಿ, ಅಂದರೆ 1530ರ ದಶಕದಲ್ಲಿ, ಪೆನುಕೊಂಡೆಯ ಅಧಿಕಾರಿ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ ಕಟ್ಟಿಸಿದ ಈ ಗುಡಿಯ ಮೇಲ್ಛಾವಣಿಯಲ್ಲಿ ವಿಜಯನಗರ ಕಾಲದ ಚಿತ್ರಗಳಿವೆ. ಕೆಂಪು, ಹಳದಿ, ಬಿಳಿ ಬಣ್ಣಗಳು ಮಾಸಿದರೂ ಕಣ್ಣು, ಹುಬ್ಬು, ಜಡೆ, ಸೀರೆಯ ಅಂಚನ್ನು ಎತ್ತಿ ತೋರಿಸುವುದು ಕಪ್ಪು ಗೆರೆಗಳು.

ಆ ಕಪ್ಪು ಬಂದದ್ದು ಎಲ್ಲಿಂದ? ದಕ್ಷಿಣ ಭಾರತದ ಭಿತ್ತಿಚಿತ್ರಗಳಲ್ಲಿ ಕಪ್ಪೆಂದರೆ ಇದ್ದಿಲು, ಇಲ್ಲವೇ ದೀಪದ ಮಸಿ. ಎರಡೂ ಇಂಗಾಲವೇ. ಮನೆಯಲ್ಲಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಅಜ್ಜಿಯರು ಕಾಡಿಗೆ ಹಿಡಿಯುತ್ತಿದ್ದರಲ್ಲ, ಅದೇ ಮಸಿ. ಗಡಿಯ ಈ ಕಡೆ ಕಾಡಿಗೆ, ಆ ಕಡೆ ಕಾಟುಕ. ಮಗುವಿನ ಕೆನ್ನೆಗೆ ಇಟ್ಟರೆ ಕನ್ನಡದಲ್ಲಿ ದೃಷ್ಟಿಬೊಟ್ಟು, ತೆಲುಗಿನಲ್ಲಿ ದಿಷ್ಟಿ ಚುಕ್ಕ. ವಸ್ತು ಮಾತ್ರ ಒಂದೇ.

ಇದೇ ಇಂಗಾಲವನ್ನು ಬೇರೆ ರೀತಿಯಲ್ಲಿ ಜೋಡಿಸಿ ಇಂದಿನ ವಿಜ್ಞಾನಿಗಳು ಜಗತ್ತಿನ ಅತ್ಯಂತ ಕಪ್ಪಾದ ಲೇಪವನ್ನು ಮಾಡಿದ್ದಾರೆ. ಅದನ್ನು ಹಚ್ಚಿದ ಗುಂಡು ಚೆಂಡಿನಂತೆ ಕಾಣುವುದಿಲ್ಲ, ಗೋಡೆಯಲ್ಲಿ ಕೊರೆದ ತೂತಿನಂತೆ ಕಾಣುತ್ತದೆ. ಸುಕ್ಕುಸುಕ್ಕಾದ ತಗಡಿಗೆ ಬಳಿದರೆ ಸುಕ್ಕೇ ಮಾಯ. ಲೇಪ ಮತ್ತು ಅಕ್ಷಿ ಎರಡೂ ಹೆಸರಿನಲ್ಲೇ ಇರುವ ಊರಿನವರಿಗೆ ಕಣ್ಣನ್ನು ಮೋಸಗೊಳಿಸುವ ಲೇಪದ ಕಥೆ ಹೇಳುವುದು ತಪ್ಪಾಗಲಾರದು.

ಕಪ್ಪು ಎಂದರೆ ಬಣ್ಣವೇ?

ವಸ್ತುವಿನ ಮೇಲೆ ಬಿದ್ದ ಬೆಳಕು ಹಿಂದಿರುಗಿ ನಮ್ಮ ಕಣ್ಣಿಗೆ ಬಂದರೆ ಅದು ಕಾಣುತ್ತದೆ. ಸುಣ್ಣದ ಗೋಡೆ ಬಹುಪಾಲು ಬೆಳಕನ್ನು ಹಿಂದಕ್ಕೆ ಕೊಡುತ್ತದೆ, ಅದಕ್ಕೇ ಬಿಳಿ. ಕಪ್ಪು ವಸ್ತು ಬೆಳಕನ್ನು ನುಂಗಿ ಬಿಸಿ ಮಾಡಿಕೊಳ್ಳುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಕಪ್ಪು ಪೇಂಟ್ ಕೂಡ ಪೂರ್ತಿ ನುಂಗುವುದಿಲ್ಲ. ಬಿದ್ದ ಬೆಳಕಿನಲ್ಲಿ 100ಕ್ಕೆ 5ರಷ್ಟಾದರೂ ಹಿಂದಕ್ಕೆ ಬರುತ್ತದೆ. ಕಾಗೆಯನ್ನು ಬಿಸಿಲಲ್ಲಿ ನೋಡಿ, ರೆಕ್ಕೆ ಹೊಳೆಯುತ್ತದೆ. ಆ ಹೊಳಪಿನಿಂದಲೇ ಅದರ ಮೈಯ ಉಬ್ಬುತಗ್ಗು ನಮಗೆ ತಿಳಿಯುವುದು.

ಹಾಗಾದರೆ ಹೊಲದ ಬದುವಿನಲ್ಲಿರುವ ಹುತ್ತದ ಬಾಯಿ ಯಾವ ಪೇಂಟಿಗಿಂತಲೂ ಕಪ್ಪಾಗಿ ಕಾಣುವುದೇಕೆ? ಹುತ್ತದ ಮಣ್ಣೇನೂ ಕಪ್ಪಲ್ಲ, ಕೆಂಪು. ಗುಟ್ಟು ಇಲ್ಲಿದೆ. ತೂತಿನೊಳಗೆ ಹೋದ ಬೆಳಕು ಒಳಗೋಡೆಗೆ ಬಡಿದು, ಮತ್ತೊಂದು ಗೋಡೆಗೆ ಬಡಿದು, ಹೊರಬರುವ ದಾರಿ ಸಿಗುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಸಣ್ಣ ಲೆಕ್ಕ ಹಾಕಿ. ಒಂದು ಮೇಲ್ಮೈ ಪ್ರತಿ ಬಾರಿ 100ಕ್ಕೆ 5ರಷ್ಟು ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ ಎಂದುಕೊಳ್ಳಿ. ಒಂದು ಸಲ ಬಡಿದರೆ ಉಳಿಯುವುದು 5. ಎರಡನೇ ಸಲ ಬಡಿದರೆ 0.25. ಮೂರನೇ ಸಲಕ್ಕೆ 0.0125. ಅಂದರೆ ಇನ್ನೂ ಕಪ್ಪಾದ ವಸ್ತುವನ್ನು ಹುಡುಕುವ ಅಗತ್ಯವೇ ಇಲ್ಲ. ಇರುವ ಕಪ್ಪಿನಲ್ಲೇ ಬೆಳಕು ಮೂರು ನಾಲ್ಕು ಸಲ ಬಡಿಯುವಂತೆ ಮಾಡಿದರೆ ಸಾಕು. ಕಪ್ಪಿಗಿಂತ ಕಪ್ಪಾದ ಎಲ್ಲ ಲೇಪಗಳ ಹಿಂದೆ ಇರುವುದು ಇಷ್ಟೇ ಉಪಾಯ.

ಕ್ಷೌರದ ಅಂಗಡಿಯಲ್ಲಿ ಬ್ಲೇಡುಗಳನ್ನು ಒಂದರ ಮೇಲೊಂದು ಜೋಡಿಸಿ ಒತ್ತಿಟ್ಟಾಗ ಅಂಚಿನ ಕಡೆಯಿಂದ ನೋಡಿದರೆ ಕಪ್ಪಾಗಿ ಕಾಣುತ್ತದೆ. ಪ್ರತಿ ಬ್ಲೇಡೂ ಕನ್ನಡಿಯಂತೆ ಹೊಳೆಯುತ್ತಿದ್ದರೂ ಅಂಚುಗಳ ನಡುವಿನ ಸಂದಿಗೆ ಬಿದ್ದ ಬೆಳಕು ಹೊರಗೆ ಬರುವುದಿಲ್ಲ. ಮಸಿಯದ್ದೂ ಅದೇ ಕಥೆ. ಬುಡ್ಡಿ ದೀಪದ ಗಾಜಿಗೆ ಹಿಡಿದ ಒಣ ಮಸಿ ಹತ್ತಿಯಂತೆ ಹಗುರ, ಅದರೊಳಗೆ ಗಾಳಿಯೇ ಹೆಚ್ಚು, ಆದ್ದರಿಂದ ಗಾಢ ಕಪ್ಪು. ಅದಕ್ಕೆ ಎಣ್ಣೆ ಅಥವಾ ಬೆಣ್ಣೆ ಕಲೆಸಿ ಕಾಡಿಗೆ ಮಾಡಿದ ಕೂಡಲೇ ಸಂದಿಗಳೆಲ್ಲ ಮುಚ್ಚಿಕೊಂಡು ಹೊಳಪು ಬರುತ್ತದೆ.

ಜೋಳದ ಹೊಲಕ್ಕೆ ಬಿದ್ದ ಚೆಂಡು

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ಅತಿ ಸಣ್ಣ ನಳಿಕೆಗಳ ಬಗ್ಗೆ ವರದಿ ಪ್ರಕಟಿಸಿದರು. ಇವಕ್ಕೆ ಕಾರ್ಬನ್ ನ್ಯಾನೋಟ್ಯೂಬ್ ಎಂದು ಹೆಸರು. ನಮ್ಮ ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು. ಈ ನಳಿಕೆಗಳನ್ನು ಲೋಹದ ತಗಡಿನ ಮೇಲೆ ನೆಟ್ಟಗೆ, ಒತ್ತಾಗಿ ಬೆಳೆಸಬಹುದು ಎಂದು ಆಮೇಲೆ ಗೊತ್ತಾಯಿತು. ಹಚ್ಚುವುದಲ್ಲ, ಬೆಳೆಸುವುದು. ಬಿಸಿ ಕುಲುಮೆಯೊಳಗೆ ಇಂಗಾಲವಿರುವ ಅನಿಲ ಹಾಯಿಸಿದರೆ ತಗಡಿನ ಮೇಲಿನ ಲೋಹದ ಕಣಗಳಿಂದ ನಳಿಕೆಗಳು ಪೈರಿನಂತೆ ಏಳುತ್ತವೆ.

ಮುಸುಕಿನ ಜೋಳದ ಹೊಲದ ಪಕ್ಕ ಕ್ರಿಕೆಟ್ ಆಡಿದ ಹುಡುಗರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಚೆಂಡು ಗೋಡೆಗೆ ಬಡಿದರೆ ವಾಪಸ್ ಬರುತ್ತದೆ. ಹೊಲದೊಳಗೆ ಬಿದ್ದರೆ ದಂಟಿನಿಂದ ದಂಟಿಗೆ ತಾಗಿ ಒಳಗೇ ಕಳೆದುಹೋಗುತ್ತದೆ. ನಳಿಕೆಗಳ ಕಾಡಿನೊಳಗೆ ಬಿದ್ದ ಬೆಳಕಿಗೂ ಅದೇ ಗತಿ. ಮೇಲ್ಮೈಯಲ್ಲಿ ಗಾಳಿಯೇ ಹೆಚ್ಚಾದ್ದರಿಂದ ಬಡಿದು ಹಿಂದಿರುಗಲು ಅಲ್ಲಿ ಗೋಡೆಯೇ ಇಲ್ಲ. ಒಳಗೆ ಹೋದ ಮೇಲೆ ಹೊರಬರಲು ದಾರಿಯಿಲ್ಲ.

2008ರಲ್ಲಿ ಅಮೆರಿಕದ ರೆನ್ಸೆಲೇರ್ ಸಂಸ್ಥೆಯ ತಂಡ ಇಂಥ ವಸ್ತುವನ್ನು ಪ್ರಕಟಿಸಿತು. ಅದು ಹಿಂದಿರುಗಿಸಿದ ಬೆಳಕು 100ಕ್ಕೆ 0.045 ಮಾತ್ರ. ಆ ತಂಡದ ಮುಖ್ಯರಲ್ಲಿ ಒಬ್ಬರು ಕೇರಳದಲ್ಲಿ ಹುಟ್ಟಿದ ಪುಳಿಕ್ಕಲ್ ಅಜಯನ್. 2014ರಲ್ಲಿ ಇಂಗ್ಲೆಂಡಿನ ಸರ್ರೆ ನ್ಯಾನೋಸಿಸ್ಟಮ್ಸ್ ಕಂಪನಿ ‘ವಾಂಟಾಬ್ಲ್ಯಾಕ್’ ಎಂಬ ಲೇಪವನ್ನು ತಂದಿತು. ಅದು ನುಂಗುವ ಬೆಳಕು 99.965 ಶೇಕಡ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸುಮಾರು 100 ಕೋಟಿ ನಳಿಕೆಗಳು! 2019ರಲ್ಲಿ ಅಮೆರಿಕದ ಎಂಐಟಿಯ ಬ್ರಯಾನ್ ವಾರ್ಡ್ಲ್ ಮತ್ತು ಸಂಗಡಿಗರು 99.995 ಶೇಕಡ ಮುಟ್ಟಿದರು. ಅವರು ಹೊರಟದ್ದು ವಿದ್ಯುತ್ ಚೆನ್ನಾಗಿ ಹರಿಯುವ ವಸ್ತು ಮಾಡಲು. ಅಲ್ಯೂಮಿನಿಯಂ ಮೇಲೆ ನಳಿಕೆ ಬೆಳೆಸಿ ನೋಡಿದರೆ ಅದು ಅತಿ ಕಪ್ಪಾಗಿತ್ತು.

ಮನುಷ್ಯನಿಗಿಂತ ಮೊದಲೇ ಈ ಉಪಾಯ ಕಂಡುಕೊಂಡ ಜೀವಿಗಳಿವೆ. ನ್ಯೂಗಿನಿಯ ಕೆಲವು ಸ್ವರ್ಗಪಕ್ಷಿಗಳ ಕಪ್ಪು ಗರಿ, ಆಳಸಮುದ್ರದ ಕೆಲವು ಮೀನುಗಳ ಚರ್ಮ 99.5 ಶೇಕಡಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತವೆ. ಹಕ್ಕಿಗೆ ಅದು ಹೆಣ್ಣನ್ನು ಒಲಿಸಲು, ಮೀನಿಗೆ ಶತ್ರುವಿನಿಂದ ಅಡಗಲು.

ಸೂರ್ಯನ ಪಕ್ಕದ ಮಿಣುಕು

ಇಷ್ಟು ಕಪ್ಪಾದ ಲೇಪದಿಂದ ಯಾರಿಗೆ ಏನು ಲಾಭ ಎಂದು ಕೇಳಿದರೆ ಉತ್ತರ ಬೆಂಗಳೂರಿನ ಆಚೆ, ಹೊಸಕೋಟೆಯ ಹತ್ತಿರ ಸಿಗುತ್ತದೆ. ಅಲ್ಲಿರುವುದು ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣ. ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾದ ವಿಇಎಲ್‌ಸಿ ಜೋಡಣೆಯಾದದ್ದು ಇಲ್ಲಿಯೇ. ನೌಕೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು.

ವಿಇಎಲ್‌ಸಿಯ ಕೆಲಸ ಸೂರ್ಯನ ಕರೋನಾ, ಅಂದರೆ ಹೊರಪ್ರಭೆಯನ್ನು ನೋಡುವುದು. 1980ರ ಫೆಬ್ರುವರಿ 16ರ ಗ್ರಹಣ ಹಳೆಯ ತಲೆಮಾರಿನವರಿಗೆ ನೆನಪಿರಬಹುದು. ಅಂದು ಪೂರ್ಣ ಗ್ರಹಣದ ದಾರಿ ರಾಯಚೂರು ಸೀಮೆಯ ಮೇಲೆ ಹಾದುಹೋಯಿತು. ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದರು. ಹೊರಗೆ ಬಂದು ನೋಡಿದ ಕೆಲವರಿಗೆ ಮಾತ್ರ ಕಪ್ಪು ಸೂರ್ಯನ ಸುತ್ತ ಬೆಳ್ಳಿಯ ನಾರಿನಂಥ ಪ್ರಭೆ ಕಂಡಿತು. ಅದೇ ಕರೋನಾ. ಬೇರೆ ದಿನಗಳಲ್ಲೂ ಅದು ಅಲ್ಲೇ ಇರುತ್ತದೆ. ಆದರೆ ಸೂರ್ಯನ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂದ, ಹಾಗಾಗಿ ಕಾಣುವುದಿಲ್ಲ. ಬಸ್ಸಿನ ಹೆಡ್‌ಲೈಟಿನ ಪಕ್ಕ ಕುಳಿತ ಮಿಣುಕುಹುಳದಂತೆ.

ವಿಇಎಲ್‌ಸಿ ತನ್ನೊಳಗೇ ಗ್ರಹಣ ಉಂಟುಮಾಡಿಕೊಳ್ಳುತ್ತದೆ. ಸೂರ್ಯನ ಬಿಂಬದ ಬೆಳಕು ಎರಡನೇ ಕನ್ನಡಿಯ ನಡುವಿನ ರಂಧ್ರದ ಮೂಲಕ ತೂರಿ, ಇನ್ನೊಂದು ಕನ್ನಡಿಗೆ ತಾಗಿ ಉಪಕರಣದಿಂದ ಹೊರಗೆ ಹೋಗುತ್ತದೆ. ಸುತ್ತಲಿನ ಕರೋನಾದ ಬೆಳಕು ಮಾತ್ರ ಮುಂದಕ್ಕೆ ಹೋಗಿ ಕ್ಯಾಮೆರಾ ಸೇರುತ್ತದೆ. ಕೇಳಲು ಸುಲಭ. ಆದರೆ ಆ ಪ್ರಖರ ಬೆಳಕಿನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಎಲ್ಲೋ ಒಂದು ಮೊಳೆಯ ತಲೆಗೆ, ಕನ್ನಡಿಯ ಚೌಕಟ್ಟಿನ ಅಂಚಿಗೆ ಬಡಿದು ದಾರಿತಪ್ಪಿ ಕ್ಯಾಮೆರಾ ಸೇರಿದರೂ ಕರೋನಾ ಮುಳುಗಿಹೋಗುತ್ತದೆ. ಈ ದಾರಿತಪ್ಪಿದ ಬೆಳಕೇ ಇಂಥ ಎಲ್ಲ ಉಪಕರಣಗಳ ಶತ್ರು.

ಅದನ್ನು ಹಿಡಿಯಲು ದೂರದರ್ಶಕಗಳ ಒಳಗೋಡೆಗಳಿಗೆ, ಬೆಳಕು ತಡೆಯುವ ಉಂಗುರಗಳಿಗೆ ಕಪ್ಪು ಲೇಪ ಬೇಕು. ಹಾಗೆಂದು ಕಪ್ಪು ಹಚ್ಚಿಬಿಟ್ಟರೆ ಎಲ್ಲ ಸರಿಹೋಯಿತು ಎಂದಲ್ಲ. ಕನ್ನಡಿಯ ನುಣುಪು ಪರಮಾಣುಗಳ ಅಳತೆಗೆ ಬರಬೇಕು. ಒಂದು ಧೂಳಿನ ಕಣ ಕುಳಿತರೂ ಅದು ಬೆಳಕನ್ನು ಚದುರಿಸುತ್ತದೆ. ಅದಕ್ಕಾಗಿಯೇ ಜೋಡಣೆಯ ಕೊಠಡಿಯಲ್ಲಿ ಗಾಳಿಯನ್ನೇ ಸೋಸುತ್ತಾರೆ, ಒಳಗೆ ಹೋಗುವವರು ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಳ್ಳಬೇಕು. ಕರೋನಾ ಹಿಡಿಯುವ ಕೆಲಸದಲ್ಲಿ ಕಪ್ಪು ಲೇಪ ಒಬ್ಬ ಸಿಪಾಯಿ, ಇಡೀ ಸೈನ್ಯವಲ್ಲ.

ಇಷ್ಟೆಲ್ಲ ಕಷ್ಟ ಯಾಕೆ? ಕರೋನಾದಿಂದ ಆಗಾಗ ಭಾರಿ ಪ್ರಮಾಣದ ವಿದ್ಯುದಾವೇಶದ ಕಣಗಳು ಸಿಡಿದು ಬರುತ್ತವೆ. ಅವು ಭೂಮಿಯ ಕಡೆ ತಿರುಗಿದರೆ ಉಪಗ್ರಹಗಳು ಕೆಡಬಹುದು. 1989ರ ಮಾರ್ಚಿನಲ್ಲಿ ಕೆನಡಾದ ಕ್ಯುಬೆಕ್ ಪ್ರಾಂತ್ಯದಲ್ಲಿ ಇಂಥ ಸೌರ ಬಿರುಗಾಳಿಯಿಂದ ಸುಮಾರು 9 ಗಂಟೆ ಕರೆಂಟ್ ಹೋಗಿತ್ತು. ಕರೆಂಟ್ ಹೋಗುವುದು ನಮಗೇನು ಹೊಸದಲ್ಲ, ಆದರೆ ಅಲ್ಲಿ ಕತ್ತಲಾದದ್ದು 60 ಲಕ್ಷ ಜನರಿಗೆ.

ಪೀಣ್ಯದ ಶೆಡ್ಡುಗಳಿಂದ

ಹಿಂದೂಪುರ, ಮಡಕಶಿರಾ ಕಡೆಯಿಂದ ಕೆಲಸಕ್ಕೆಂದು ಪೀಣ್ಯಕ್ಕೆ ಹೋದವರು ಈ ಭಾಗದ ಹಳ್ಳಿಗಳಲ್ಲಿ ಸಿಗುತ್ತಾರೆ. ಅದೇ ಪೀಣ್ಯದ ಶೆಡ್ಡುಗಳಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿತು. ಇಂದು ಅಲ್ಲಿ ಇಸ್ರೋದ ಲಿಯೋಸ್ ಪ್ರಯೋಗಾಲಯವಿದೆ. ಉಪಗ್ರಹ ನಕ್ಷತ್ರಗಳನ್ನು ನೋಡಿ ತನ್ನ ದಿಕ್ಕು ತಿಳಿಯುವ ‘ಸ್ಟಾರ್ ಸೆನ್ಸರ್’ ಇಲ್ಲಿ ರೂಪುಗೊಳ್ಳುತ್ತದೆ. ಇಂಥ ಸೆನ್ಸರಿನ ಮುಂದೆ ಒಂದು ಕೊಳವೆ ಇರುತ್ತದೆ, ಅದರೊಳಗೆ ಕಪ್ಪು. ಓರೆಯಾಗಿ ಬಿದ್ದ ಬಿಸಿಲು ಒಳಗೆ ನುಸುಳಿದರೆ ನಕ್ಷತ್ರ ಕಾಣದೆ ಉಪಗ್ರಹಕ್ಕೆ ದಿಕ್ಕು ತಪ್ಪುತ್ತದೆ.

ಉಪಗ್ರಹದಲ್ಲಿ ಕಪ್ಪಿಗೆ ಇನ್ನೊಂದು ಕೆಲಸವೂ ಇದೆ. ಚೆನ್ನಾಗಿ ನುಂಗುವ ಮೇಲ್ಮೈ ಬಿಸಿಯನ್ನು ಚೆನ್ನಾಗಿ ಹೊರಸೂಸುತ್ತದೆ ಕೂಡ. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ಫ್ಯಾನ್ ಹಾಕಿ ಯಂತ್ರ ತಣ್ಣಗೆ ಮಾಡಲು ಆಗುವುದಿಲ್ಲ. ಆದ್ದರಿಂದ ಒಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ ಕಪ್ಪು ಬಳಿದು ಶಾಖ ಒಂದೇ ಕಡೆ ನಿಲ್ಲದಂತೆ ನೋಡಿಕೊಳ್ಳುತ್ತಾರೆ.

ತಾರಸಿ ಮೇಲಿನ ಕಪ್ಪು

ಬಾಹ್ಯಾಕಾಶ ದೂರದ ಮಾತಾಯಿತು. ಹಳ್ಳಿ ಮನೆಯ ತಾರಸಿಗೂ ಕಪ್ಪು ಲೇಪ ಬಂದಿದೆ. ಗಾಜಿನ ಕೊಳವೆಗಳ ಸೋಲಾರ್ ವಾಟರ್ ಹೀಟರ್ ಕೊಳ್ಳುವವರು ‘ಹೆಚ್ಚು ಕಪ್ಪಿದ್ದರೆ ಹೆಚ್ಚು ಬಿಸಿ’ ಎಂದು ನಂಬುತ್ತಾರೆ. ಅದು ಅರ್ಧ ಸತ್ಯ. ಮೇಲೆ ಹೇಳಿದಂತೆ ಚೆನ್ನಾಗಿ ನುಂಗುವ ಕಪ್ಪು ಚೆನ್ನಾಗಿ ಸೂಸುತ್ತದೆ, ಅಂದರೆ ಗಳಿಸಿದ್ದನ್ನೆಲ್ಲ ಖರ್ಚು ಮಾಡುವ ಮನೆಯ ಯಜಮಾನನಂತೆ. ಹೀಟರಿಗೆ ಬೇಕಾದದ್ದು ಬಿಸಿಲನ್ನು ನುಂಗಿ, ಬಿಸಿಯನ್ನು ಮಾತ್ರ ಹೊರಗೆ ಬಿಡದ ಲೇಪ. ಇಂಥ ಲೇಪಗಳ ಮೇಲೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಹಲವು ವರ್ಷಗಳಿಂದ ಸಂಶೋಧನೆ ನಡೆಸಿದೆ. ಒಳ್ಳೆಯ ಲೇಪ ಬಿಸಿಲಿನ 100ಕ್ಕೆ 90ಕ್ಕಿಂತ ಹೆಚ್ಚು ಪಾಲನ್ನು ನುಂಗಿ, ಅಲ್ಪವನ್ನು ಮಾತ್ರ ಬಿಸಿಯಾಗಿ ಸೂಸುತ್ತದೆ. ಇಲ್ಲಿ ವಾಂಟಾಬ್ಲ್ಯಾಕ್ ತಂದು ಹಚ್ಚಿದರೆ ನೀರು ಇನ್ನೂ ಬೇಗ ತಣ್ಣಗಾಗುತ್ತದೆಯೇ ಹೊರತು ಬೇರೇನಿಲ್ಲ.

ಇಂಥ ಕೊಳವೆಯಲ್ಲಿ ಎರಡು ಗಾಜಿನ ಪದರಗಳಿದ್ದು, ನಡುವೆ ಗಾಳಿ ಇರುವುದಿಲ್ಲ. ಲೇಪ ಇರುವುದು ಆ ಪದರಗಳ ಒಳಗೆ. ಕೊಳವೆಯ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಭಾಗ ಇರುತ್ತದೆ. ಅದು ಬೆಳ್ಳಗೆ ಹಾಲಿನಂತೆ ಆಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ಕೊಳವೆ ಕೆಟ್ಟಿದೆ ಎಂದರ್ಥ. ಕೊಳ್ಳುವಾಗಲೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಪಾವಗಡದ ಸೋಲಾರ್ ಪಾರ್ಕ್. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಇದರ ಸಾಮರ್ಥ್ಯ 2,050 ಮೆಗಾವ್ಯಾಟ್. ಜಮೀನು ಮಾರದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ 5 ಶೇಕಡ ಏರಿಕೆಯ ಕರಾರಿನಲ್ಲಿ ರೈತರು ಗುತ್ತಿಗೆ ಕೊಟ್ಟ ಪಾರ್ಕ್ ಇದು. ಅಲ್ಲಿನ ಪ್ಯಾನೆಲ್‌ಗಳು ಕಪ್ಪಾಗಿ ಕಾಣುವುದೂ ಬಣ್ಣದಿಂದಲ್ಲ. ಬರಿಯ ಸಿಲಿಕಾನ್ ಬೂದು ಬಣ್ಣದ ಹೊಳೆಯುವ ವಸ್ತು, ಬಿದ್ದ ಬೆಳಕಿನಲ್ಲಿ 100ಕ್ಕೆ 30ಕ್ಕೂ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ. ಅದನ್ನು ಕ್ಷಾರದ ದ್ರಾವಣದಲ್ಲಿ ಅದ್ದಿ ಕೊರೆದಾಗ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೋಪುರಗಳು ಏಳುತ್ತವೆ. ಒಂದು ಗೋಪುರದ ಪಕ್ಕಕ್ಕೆ ಬಡಿದ ಬೆಳಕು ಪಕ್ಕದ ಗೋಪುರಕ್ಕೆ ಬಡಿಯಲೇಬೇಕು. ಅದರ ಮೇಲೆ ತೆಳುವಾದ ಇನ್ನೊಂದು ಲೇಪ. ಹುತ್ತದ ಬಾಯಿಯ ಉಪಾಯವೇ ಇಲ್ಲಿ ಕರೆಂಟ್ ಆಗುತ್ತಿದೆ. ಮೇಲೆ ಧೂಳು ಕುಳಿತರೆ ಮಾತ್ರ ಈ ಜಾಣತನವೆಲ್ಲ ವ್ಯರ್ಥ.

ಕಪ್ಪಿಗೊಂದು ಜಗಳ

ವಾಂಟಾಬ್ಲ್ಯಾಕ್ ಹೆಸರು ಪ್ರಯೋಗಾಲಯದ ಹೊರಗೆ ಹರಡಿದ್ದು ಜಗಳದಿಂದ. ಮುಂಬೈಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಕಲಾವಿದ ಅನೀಶ್ ಕಪೂರ್ ಅದನ್ನು ಕಲೆಗೆ ಬಳಸುವ ಹಕ್ಕನ್ನು ತಾವೊಬ್ಬರೇ ಪಡೆದ ಸುದ್ದಿ 2016ರಲ್ಲಿ ಹೊರಬಿತ್ತು. ಉಳಿದ ಕಲಾವಿದರು ಕೆರಳಿದರು. ಸ್ಟುವರ್ಟ್ ಸೆಂಪಲ್ ಎಂಬ ಬ್ರಿಟಿಷ್ ಕಲಾವಿದ ಅತಿ ಗಾಢ ಗುಲಾಬಿ ಬಣ್ಣ ತಯಾರಿಸಿ, ಕಪೂರ್ ಒಬ್ಬರನ್ನು ಬಿಟ್ಟು ಎಲ್ಲರಿಗೂ ಮಾರಾಟ ಎಂದು ಘೋಷಿಸಿದ. ಬಣ್ಣಕ್ಕೂ ಪಹಣಿ ಮಾಡಿಸಿಕೊಂಡರೆ ಹೀಗೇ ಆಗುವುದು! 2019ರಲ್ಲಿ ಬಿಎಂಡಬ್ಲ್ಯು ಕಂಪನಿ ಈ ಬಗೆಯ ಲೇಪವಿದ್ದ ಕಾರನ್ನು ಪ್ರದರ್ಶಿಸಿತು. ಮಾರಾಟಕ್ಕಲ್ಲ, ತೋರಿಸಲು ಮಾತ್ರ. ರಾತ್ರಿ ರಸ್ತೆಯಲ್ಲಿ ಅಂಥ ಕಾರು ಎದುರು ಬಂದರೆ ಗತಿಯೇನು?

‘ಇಸ್ರೋ ಕೆಮಿಕಲ್’ ಎಂದರೆ ಎಚ್ಚರ

ಈ ಭಾಗದ ಓದುಗರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ‘ರೈಸ್ ಪುಲ್ಲಿಂಗ್’ ಮೋಸ ಗಡಿಯ ಎರಡೂ ಕಡೆ ಗೊತ್ತಿರುವುದೇ. ಸಿಡಿಲು ಬಡಿದ ಹಳೆಯ ತಾಮ್ರದ ಚೊಂಬು ಅಕ್ಕಿಯನ್ನು ಎಳೆಯುತ್ತದೆ, ಅದಕ್ಕೆ ನಾಸಾದವರು, ಇಸ್ರೋದವರು ಕೋಟಿಗಟ್ಟಲೆ ಕೊಡುತ್ತಾರೆ ಎಂದು ನಂಬಿಸಿ, ಪರೀಕ್ಷೆಯ ಫೀಸು, ಕೆಮಿಕಲ್ ಖರ್ಚು, ವಿಕಿರಣ ತಡೆಯುವ ಬಟ್ಟೆ ಎಂದು ಲಕ್ಷಗಟ್ಟಲೆ ಕಿತ್ತುಕೊಳ್ಳುತ್ತಾರೆ. 2018ರಲ್ಲಿ ದೆಹಲಿ ಪೊಲೀಸರು ಹೀಗೆ ಒಬ್ಬ ವ್ಯಾಪಾರಿಗೆ 1.43 ಕೋಟಿ ರೂಪಾಯಿ ಟೋಪಿ ಹಾಕಿದ ಆರೋಪದ ಮೇಲೆ ತಂದೆ ಮಗನನ್ನು ಬಂಧಿಸಿದ್ದರು. ಅವರು ಗಗನಯಾತ್ರಿಗಳ ವೇಷ ಹಾಕಿದ ಫೋಟೊ ಪತ್ರಿಕೆಗಳಲ್ಲಿ ಬಂದಿತ್ತು.

ಕಪ್ಪು ಲೇಪದಂಥ ನಿಜವಾದ ವಿಜ್ಞಾನದ ಹೆಸರೂ ಇಂಥವರ ಬಾಯಿಗೆ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ತಿಳಿದಿರಲಿ: ನಳಿಕೆ ಬೆಳೆಸಿದ ಅತಿ ಕಪ್ಪು ಲೇಪ ಸೀಸೆಯಲ್ಲಿ ಸಿಗುವುದಿಲ್ಲ, ಕುಲುಮೆಯಲ್ಲಿ ಆಗುತ್ತದೆ. ಸೀಸೆಯಲ್ಲಿ ಸಿಗುವ ಕಪ್ಪು ಪೇಂಟುಗಳಲ್ಲಿ ಹೆಸರಾದ ಜಪಾನಿನ ‘ಮುಸೌ ಬ್ಲ್ಯಾಕ್’ ಕೂಡ 99.4 ಶೇಕಡದ ಹತ್ತಿರ ನಿಲ್ಲುತ್ತದೆ, ಅದು ಚಿತ್ರಕಾರರು ಕೊಳ್ಳುವ ಬಣ್ಣ. ಇಸ್ರೋ ತನಗೆ ಬೇಕಾದ್ದನ್ನು ಟೆಂಡರ್ ಕರೆದು ಕೊಳ್ಳುತ್ತದೆ. ರಾತ್ರಿ ಹೊತ್ತು ತೋಟದ ಮನೆಗೆ ಕಾರಿನಲ್ಲಿ ಏಜೆಂಟರನ್ನು ಕಳಿಸುವುದಿಲ್ಲ. ಫೋನ್ ಮೂಲಕ ಹಣ ಕಳಿಸಿ ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆಂಧ್ರದಿಂದ ಮಾಡಿದರೂ ಕರ್ನಾಟಕದಿಂದ ಮಾಡಿದರೂ ನಂಬರ್ ಒಂದೇ.

ಮುಟ್ಟಿದರೆ ಮುಗಿಯಿತು

ಇಷ್ಟು ದುಬಾರಿ ಲೇಪಕ್ಕೆ ಒಂದು ದೊಡ್ಡ ದೌರ್ಬಲ್ಯ. ಬೆರಳಿಟ್ಟರೆ ನಳಿಕೆಗಳು ಮಲಗಿಬಿಡುತ್ತವೆ, ಗಾಳಿಗೆ ಬಿದ್ದ ಪೈರಿನಂತೆ. ಅಲ್ಲಿಗೆ ಕಪ್ಪು ಹೋಗಿ ಬೆರಳಚ್ಚು ಉಳಿಯುತ್ತದೆ. ಉದುರಿದ ನಳಿಕೆಗಳು ಉಸಿರಿನೊಳಗೆ ಹೋಗುವುದೂ ಒಳ್ಳೆಯದಲ್ಲ. ಆದ್ದರಿಂದಲೇ ಇದು ಯಾರೂ ಕೈ ಹಾಕದ ಜಾಗದಲ್ಲಿ, ದೂರದರ್ಶಕದ ಹೊಟ್ಟೆಯೊಳಗೆ ನೆಮ್ಮದಿಯಾಗಿರುತ್ತದೆ.

ಲೇಪಾಕ್ಷಿಯ ಕಪ್ಪಿಗೆ ಆ ನೆಮ್ಮದಿ ಇಲ್ಲ. ಛಾವಣಿಗೆ ಕೈ ಎಟುಕದಿದ್ದರೂ ಮಳೆನೀರು ಜಿನುಗುತ್ತದೆ, ಗಾರೆ ಉದುರುತ್ತದೆ. ಇಂಥ ಹಳೆಯ ಗುಡಿಗಳಲ್ಲಿ ದೀಪ, ಕರ್ಪೂರದ ಹೊಗೆ ಚಿತ್ರಗಳ ಮೇಲೆ ಪದರವಾಗಿ ಕೂರುತ್ತದೆ. ಮಸಿಯಿಂದ ಬರೆದ ಗೆರೆಯನ್ನು ಮಸಿಯೇ ಮುಚ್ಚಿಹಾಕುವುದೆಂದರೆ ಇದೇ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ದೇವಸ್ಥಾನ ಮತ್ತು ಬಸವಣ್ಣ 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ.

ಶಾಲೆಯ ಮಕ್ಕಳು ಮಾಡಿ ನೋಡಬಹುದಾದ ಸುಲಭ ಪ್ರಯೋಗವೊಂದಿದೆ. ಮುಚ್ಚಳವಿರುವ ರಟ್ಟಿನ ಡಬ್ಬಿ ತೆಗೆದುಕೊಳ್ಳಿ. ಒಳಗೆ, ಹೊರಗೆ ಎರಡೂ ಕಡೆ ಒಂದೇ ಕಪ್ಪು ಬಣ್ಣ ಬಳಿದು ಒಣಗಿಸಿ. ಮುಚ್ಚಳದಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ತೂತು ಮಾಡಿ ಬಿಸಿಲಲ್ಲಿಡಿ. ಒಂದೇ ಡಬ್ಬಿಯ ಬಣ್ಣವಾದರೂ ಹೊರಗಿನ ಕಪ್ಪು ಬೂದಾಗಿ, ತೂತಿನ ಕಪ್ಪು ಬೇರೆಯೇ ಆಗಿ ಕಾಣುತ್ತದೆ. ಆಮೇಲೆ ಒಳಗೆ ಬಿಳಿ ಕಾಗದ ಅಂಟಿಸಿ ಮತ್ತೆ ನೋಡಿ. ಆಗಲೂ ತೂತು ಹೊರಗಿನ ಬಿಳಿ ಗೋಡೆಗಿಂತ ಎಷ್ಟು ಕಪ್ಪಾಗಿದೆ ಎಂದು ಮೇಷ್ಟ್ರಿಗೆ ತೋರಿಸಿ, ಕಾರಣ ಕೇಳಿ.